ಡಾ. ಎಂ. ವಿ. ಗೋಪಾಲಸ್ವಾಮಿ: ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರಕ್ಕೆ ನೆಲೆಯಿತ್ತವರು

ಮೈಸೂರಿನ ಪ್ರಾಧ್ಯಾಪಕ ಗೋಪಾಲಸ್ವಾಮಿಯವರ ಹೆಸರೆತ್ತಿದೊಡನೆ ಬಹುಮಂದಿಗೆ ನೆನಪಾಗುವುದು ಆಕಾಶವಾಣಿ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದ ಸಾಹಸಿಗಳೆಂದು ಅವರು ಪ್ರಸಿದ್ಧರು. ಶಾಲೆಯ ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿಯೂ ಅವರ ಹೆಸರು ಬರುವುದು ಆ ಒಂದೇ ಪ್ರಶ್ನೆಗೆ ಉತ್ತರವಾಗಿ. ಆದರೆ ಬಾನುಲಿಯು ಅವರ ಬಿಡುವಿನ ವೇಳೆಯ ಕೆಲಸ. ಅವರ ವೃತ್ತಿ ಬೇರೆ, ಅವರು ಓದಿದ್ದು ಬೇರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವೆಂಬ ಹೊಸ ವಿದ್ಯೆಗೆ ಒಂದು ವಿಭಾಗ, ಒಂದು ಪ್ರಯೋಗಶಾಲೆ, ಒಂದು ಶಿಷ್ಯವರ್ಗ ಇವನ್ನು ಕಟ್ಟಿಕೊಟ್ಟವರು ಅವರು. ಆ ಕಾರ್ಯವು ಬಾನುಲಿಯ ಕೀರ್ತಿಯ ಹಿಂದೆ ಮರೆಯಾಗಿ ಹೋಗಿದೆ. ಅಧ್ಯಾಪಕರಾದವರು ಅದನ್ನು ನೆನೆಯುವುದು ಉಚಿತ.

ಇಂದು ಬ್ಯಾಟರಾಯನಪುರದ ಅಥವಾ ಯಲಹಂಕದ ಕಡೆಯ ವಿದ್ಯಾರ್ಥಿಯೊಬ್ಬನು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಬೇಕೆಂದು ಬಯಸಿದರೆ ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹತ್ತಿದರಾಯಿತು. ಬೆಂಗಳೂರು ನಗರದೊಳಗೇ ಅದಕ್ಕೆ ಅವಕಾಶವುಂಟು. ರೋಗಿಗಳ ಮನಸ್ಸನ್ನು ಅರಿಯುವ ಚಿಕಿತ್ಸಾ ಮನಶ್ಶಾಸ್ತ್ರವೇ, ಮಕ್ಕಳ ಕಲಿಕೆಯನ್ನು ಕುರಿತ ಶೈಕ್ಷಣಿಕ ಮನಶ್ಶಾಸ್ತ್ರವೇ, ಕಾರ್ಖಾನೆ ಕಚೇರಿಗಳಿಗೆ ಸಂಬಂಧಿಸಿದ ಔದ್ಯೋಗಿಕ ಮನಶ್ಶಾಸ್ತ್ರವೇ, ಜನಸಮುದಾಯದ ವರ್ತನೆಯನ್ನು ಪರಿಶೀಲಿಸುವ ಸಾಮಾಜಿಕ ಮನಶ್ಶಾಸ್ತ್ರವೇ ಎಂದು ಆರಿಸಿಕೊಳ್ಳುವುದೇ ಅವನಿಗಿರುವ ತೊಡಕು. ಒಂದು ಶತಮಾನದ ಹಿಂದೆ ಈ ತೊಡಕು ಯಾರಿಗೂ ಇರಲಿಲ್ಲ, ಏಕೆಂದರೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಇಡೀ ಭಾರತದಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರಕ್ಕೆಂದು ಪ್ರತ್ಯೇಕ ವಿಭಾಗವಿದ್ದುದು ಕಲ್ಕತ್ತ ವಿಶ್ವವಿದ್ಯಾನಿಲಯ ಒಂದರಲ್ಲಿ ಮಾತ್ರ. ಅಲ್ಲಿಗೆ ಹೋಗಲಾರದವರು ಹಡಗು ಹತ್ತಬೇಕಾಗಿತ್ತು.

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಹಾಗೆ ಹಡಗು ಹತ್ತಿದವರು. ಅವರು ಲಂಡನ್ನಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾದರು. ಈ ಗುರುವಿನ ಚರಿತ್ರೆಯೂ ಸ್ವಾರಸ್ಯಕರವಾದುದು. ಸ್ಪಿಯರ್‌ಮನ್ನರು ಮೊದಲು ಸೈನ್ಯಾಧಿಕಾರಿ. ಬರ್ಮಾ ಯುದ್ಧದಲ್ಲಿ ಭಾಗವಹಿಸಿದ್ದವರು. ಮೂವತ್ತು ದಾಟಿದ ಮೇಲೆ ಸೈನ್ಯವನ್ನು ತೊರೆದು ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ವಿದ್ಯಾರ್ಥಿಯಾಗಿ ಹೋದರು. ಅಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ಮಹಾವಿದ್ವಾಂಸರು 1879ರಲ್ಲಿ ಸ್ಥಾಪಿಸಿದ್ದ ಪ್ರಯೋಗಶಾಲೆಯನ್ನು ಈ ಶಾಸ್ತ್ರದ ತವರೆಂದೇ ಜಗತ್ತು ಭಾವಿಸುತ್ತದೆ. ನಡುವೆ ಮತ್ತೆ ಯುದ್ಧದ ಕರೆ ಬಂದು ಓದು ಅರ್ಧಕ್ಕೆ ನಿಂತಿತು. ಕೊನೆಗೆ ಅವರಿಗೆ ಡಾಕ್ಟೊರೇಟ್ ಪದವಿ ದೊರೆತಾಗ 1906ನೆಯ ಇಸವಿ, ಅವರ ವಯಸ್ಸು ನಲವತ್ತಮೂರು. ಅದಕ್ಕೆ ಎರಡು ವರ್ಷ ಮೊದಲೇ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಪ್ರಕಟಿಸಿದ ಲೇಖನವೊಂದು ಈ ಶಾಸ್ತ್ರದ ದಿಕ್ಕನ್ನು ಬದಲಾಯಿಸಿತ್ತು. ವಯಸ್ಸಾಯಿತೆಂದು ಓದನ್ನು ಕೈಬಿಡುವ ಉಪಾಧ್ಯಾಯರು ಈ ಸೈನಿಕನ ವೃತ್ತಾಂತವನ್ನು ತಿಳಿದಿರುವುದು ಒಳ್ಳೆಯದು.

1904ರ ಆ ಲೇಖನದ ವಾದ ಇಷ್ಟು. ಒಂದು ವಿಷಯದಲ್ಲಿ ಚೆನ್ನಾಗಿ ಅಂಕ ಗಳಿಸುವ ಮಗು ಸಾಮಾನ್ಯವಾಗಿ ಇನ್ನೊಂದು ವಿಷಯದಲ್ಲಿಯೂ ಮುಂದಿರುತ್ತದೆ. ಭಾಷೆಗೂ ಗಣಿತಕ್ಕೂ, ಸ್ವರಗಳ ಭೇದವನ್ನು ಗುರುತಿಸುವ ಶಕ್ತಿಗೂ ನಡುವೆ ಸ್ವಲ್ಪ ಮಟ್ಟಿಗಾದರೂ ಹೊಂದಿಕೆ ಕಾಣುತ್ತದೆ. ಈ ಹೊಂದಿಕೆಯನ್ನು ಗಣಿತದಿಂದ ಅಳೆಯಬಹುದು. ಅಳೆದು ನೋಡಿದರೆ, ಎಲ್ಲ ಸಾಮರ್ಥ್ಯಗಳ ಹಿಂದೆಯೂ ಸಮಾನವಾದೊಂದು ಸಾಮಾನ್ಯ ಬುದ್ಧಿಶಕ್ತಿಯೂ, ಒಂದೊಂದು ಕೆಲಸಕ್ಕೆ ಮೀಸಲಾದ ಬೇರೆ ಬೇರೆ ವಿಶೇಷ ಶಕ್ತಿಗಳೂ ಇರುವಂತೆ ತೋರುತ್ತದೆ. ಈ ವಾದವನ್ನು ಮುಂದೆ ಅನೇಕರು ವಿರೋಧಿಸಿದರು. ಆ ವಿವಾದ ಇನ್ನೂ ಮುಗಿದಿಲ್ಲ. ಆದರೆ ಬುದ್ಧಿಯನ್ನು ಕುರಿತು ಮಾತನಾಡುವವರು ಲೆಕ್ಕ ಒಪ್ಪಿಸಬೇಕು ಎಂಬ ಶಿಸ್ತು ಬಂದುದು ಈ ಪಂಥದಿಂದಲೇ. ಗೋಪಾಲಸ್ವಾಮಿಯವರು ಹೋಗಿ ಸೇರಿದ್ದು ಈ ಶಿಸ್ತಿನ ಮನೆಗೆ.

ಅವರು ಸಂಶೋಧನೆಗೆ ಆರಿಸಿಕೊಂಡ ವಿಷಯ ಮೇಲುನೋಟಕ್ಕೆ ಮಕ್ಕಳಾಟದಂತಿದೆ. ಎರಡು ಗೆರೆಗಳ ನಡುವೆ ಸಣ್ಣ ಓಣಿಯನ್ನು ಬಿಟ್ಟು ಬರೆದ ನಕ್ಷತ್ರದ ಚಿತ್ರವನ್ನು ಮೇಜಿನ ಮೇಲಿಡುತ್ತಾರೆ. ಕೈಯೂ ಚಿತ್ರವೂ ನೇರವಾಗಿ ಕಾಣದಂತೆ ಅಡ್ಡಲಾಗಿ ಒಂದು ತೆರೆ. ಎದುರಿಗೆ ನಿಲ್ಲಿಸಿದ ಕನ್ನಡಿಯಲ್ಲಿ ನೋಡುತ್ತ, ಗೆರೆಗಳಿಗೆ ತಾಗದಂತೆ, ಆ ಓಣಿಯಲ್ಲಿ ಪೆನ್ಸಿಲನ್ನು ಒಂದು ಸುತ್ತು ನಡೆಸಬೇಕು. ಮಾಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಮುಂದಕ್ಕೆ ಹೋಗಬೇಕೆಂದರೆ ಕೈ ಹಿಂದಕ್ಕೆ ಬರುತ್ತದೆ. ಮೂಲೆಯ ತಿರುವಿನಲ್ಲಿ ಪೆನ್ಸಿಲು ನಿಂತಲ್ಲೇ ನಡುಗುತ್ತದೆ. ವಿದ್ಯಾವಂತನು ಅಕ್ಷರ ಕಲಿಯುವ ಶಿಶುವಿನಂತಾಗುತ್ತಾನೆ. ತಗುಲಿದ ಕಾಲವನ್ನೂ ಆದ ತಪ್ಪುಗಳನ್ನೂ ಬರೆದುಕೊಂಡು ಮತ್ತೆ ಮತ್ತೆ ಮಾಡಿಸಿದರೆ ಕಾಲವೂ ತಪ್ಪುಗಳೂ ಕ್ರಮವಾಗಿ ಇಳಿಯುತ್ತ ಬರುತ್ತವೆ. ಕೈ ಹೊಸದಾಗಿ ಕಲಿಯುತ್ತಿರುವುದನ್ನು ಕಣ್ಣಾರೆ ಕಾಣಬಹುದಾದ, ಅಂಕಿಗಳಲ್ಲಿ ಹಿಡಿಯಬಹುದಾದ ಸರಳ ಉಪಾಯವಿದು.

ಇಲ್ಲಿ ಗೋಪಾಲಸ್ವಾಮಿಯವರು ಕೇಳಿಕೊಂಡ ಪ್ರಶ್ನೆಯು ಮಾತ್ರ ಸರಳವಾದುದಲ್ಲ. ಹೀಗೆ ಕಲಿಯುತ್ತಿರುವುದು ಕೈಯೊಂದೇ, ಅಥವಾ ಅದರಲ್ಲಿ ಬುದ್ಧಿಯೂ ತೊಡಗಿದೆಯೇ? ಮರಗೆಲಸದವನು, ನೇಕಾರನು, ವೀಣೆ ನುಡಿಸುವವನು ಕಲಿಯುವುದನ್ನು ನಾವು ಅಭ್ಯಾಸಬಲವೆಂದು ತಳ್ಳಿಬಿಡುತ್ತೇವೆ. ಪುಸ್ತಕವನ್ನು ಓದುವವನದನ್ನು ಬುದ್ಧಿಯೆನ್ನುತ್ತೇವೆ. ಈ ಗೋಡೆ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸುವುದು ಅವರ ಸಂಶೋಧನೆಯ ತಿರುಳು. ಆ ವಿಷಯವನ್ನು ಕುರಿತ ಅವರ ಲೇಖನವು 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು. ಭಾರತೀಯ ವಿದ್ಯಾರ್ಥಿಯೊಬ್ಬನ ಪ್ರಯೋಗಗಳು ಅಂಥ ಪತ್ರಿಕೆಯಲ್ಲಿ ಸ್ಥಾನ ಪಡೆಯುವುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಅವರು ಮೈಸೂರಿಗೆ ಬರುವಂತಾದುದಕ್ಕೆ ಕಾರಣರಾದ ಮತ್ತೊಬ್ಬರನ್ನು ಇಲ್ಲಿ ಸ್ಮರಿಸಬೇಕು. ಆಚಾರ್ಯ ಬ್ರಜೇಂದ್ರನಾಥ ಸೀಲರು ಬಂಗಾಳದ ಪ್ರಕಾಂಡ ಪಂಡಿತರು. ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಮೊದಲ ಪಠ್ಯಕ್ರಮವನ್ನು 1905ರಲ್ಲಿಯೇ ರಚಿಸಿಕೊಟ್ಟವರು. ಅದು ಕಾಗದದಿಂದ ಕೊಠಡಿಗಿಳಿದು ವಿಭಾಗವಾಗಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾರ್ವರ್ಡಿನಲ್ಲಿ ಶಿಕ್ಷಣ ಪಡೆದಿದ್ದ ನರೇಂದ್ರನಾಥ ಸೇನಗುಪ್ತರು ಅದರ ಹೊಣೆ ಹೊತ್ತರು. 1916ರಲ್ಲಿ ಸ್ಥಾಪಿತವಾಗಿದ್ದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1921ರಲ್ಲಿ ಕುಲಪತಿಗಳಾಗಿ ಬಂದ ಸೀಲರು ಕಲ್ಕತ್ತದ ಅನುಭವವನ್ನು ಜೊತೆಗೆ ತಂದರು. ಸ್ವತಃ ತತ್ತ್ವಶಾಸ್ತ್ರಜ್ಞರಾಗಿದ್ದರೂ, ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಒಂದು ಅಧ್ಯಾಯವಾಗಿ ಉಳಿಯದೆ ಬೇರೆಯಾಗಿ ಬೆಳೆಯಬೇಕೆಂದು ಬಯಸಿದುದು ಅವರ ಉದಾರ ದೃಷ್ಟಿಗೆ ಸಾಕ್ಷಿ. ತನ್ನ ಶಾಸ್ತ್ರದ ಭಾಗವನ್ನು ತಾನಾಗಿ ಬಿಟ್ಟುಕೊಡುವ ಪಂಡಿತರು ವಿರಳ. ಹೀಗೆ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಕಲ್ಕತ್ತದ ನಂತರ ಭಾರತದಲ್ಲಿ ಅದೇ ಎರಡನೆಯದು. ಅದರ ಮುಖ್ಯಸ್ಥರಾಗಿ ಬಂದವರು ಇನ್ನೂ ಮೂವತ್ತು ತುಂಬದ ಗೋಪಾಲಸ್ವಾಮಿಯವರು. ನೆರೆಯ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇಂಥ ವಿಭಾಗವಾದುದು 1943ರಲ್ಲಿ. ದಕ್ಷಿಣ ಭಾರತದಲ್ಲಿ ಅಷ್ಟು ಕಾಲ ಈ ವಿದ್ಯೆಯ ಭಾರವನ್ನು ಹೊತ್ತದ್ದು ಮೈಸೂರು.

ಹೊಸ ವಿಭಾಗವೆಂದರೆ ಫಲಕ ತೂಗುಹಾಕುವುದಷ್ಟೇ ಅಲ್ಲ. ಮನಸ್ಸೆಂಬುದು ತತ್ತ್ವಶಾಸ್ತ್ರದ ವಿಷಯ, ಅದಕ್ಕೆ ಪ್ರಯೋಗಶಾಲೆಯೇಕೆ ಎಂಬ ಸಂದೇಹ ವಿದ್ವಾಂಸರಲ್ಲಿಯೇ ಬಲವಾಗಿದ್ದ ಕಾಲವದು. ಉಪಕರಣಗಳು ಇಲ್ಲಿ ದೊರೆಯುತ್ತಿರಲಿಲ್ಲ. ಸೆಕೆಂಡಿನ ಅಂಶಗಳನ್ನು ಅಳೆಯುವ ಗಡಿಯಾರಗಳು, ಶ್ರುತಿಕವೆಗಳು, ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ ಮರೆಮಾಡುವ ಯಂತ್ರಗಳು ಇವೆಲ್ಲ ಅಂದಿನ ಪ್ರಯೋಗಶಾಲೆಗಳ ಸಾಮಗ್ರಿ. ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನವು, ಅವುಗಳಲ್ಲಿನ ಉದಾಹರಣೆಗಳು ಲಂಡನ್ನಿನ ಅಥವಾ ಅಮೆರಿಕದ ಶಾಲಾಬಾಲಕರವು. ವಿದ್ಯಾರ್ಥಿಗಳಾದರೋ ಬಹುಪಾಲು ಸಂಸ್ಥಾನದ ಊರುಗಳಿಂದ ಬಂದವರು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟುವ ಕೆಲಸ ಗೋಪಾಲಸ್ವಾಮಿಯವರ ಪಾಲಿಗೆ ಬಂತು.

ಅವರು ಕೈಹಾಕಿದ ಮುಖ್ಯ ಕಾರ್ಯಗಳಲ್ಲಿ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸುವುದೂ ಒಂದು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಎಂಬವರು, ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದಕ್ಕಾಗಿ 1905ರಲ್ಲಿ ಸಹೋದ್ಯೋಗಿ ಸಿಮೋನರೊಡನೆ ಪ್ರಶ್ನಾವಳಿಯೊಂದನ್ನು ರಚಿಸಿದ್ದರು. ಅದನ್ನು ಕನ್ನಡಕ್ಕೆ ಭಾಷಾಂತರಿಸಿದರೆ ಮುಗಿಯಿತಲ್ಲವೇ ಎಂದು ಯಾರಿಗಾದರೂ ತೋರಬಹುದು. ಹಾಗಲ್ಲ. ಹಿಮ ಬೀಳುವುದನ್ನು ಕಾಣದ ಮಗುವಿಗೆ ಹಿಮದ ಪ್ರಶ್ನೆ ಕೇಳಿದರೆ ಅಳೆದಂತಾಗುವುದು ಅದರ ಬುದ್ಧಿಯಲ್ಲ, ಅದರ ಊರು. ಒಂದು ಭಾಷೆಯಲ್ಲಿ ಸುಲಭವಾದ ಪದವು ಮತ್ತೊಂದರಲ್ಲಿ ಗ್ರಾಂಥಿಕವಾಗಿಬಿಡುತ್ತದೆ; ಐದು ವರ್ಷದವರ ಪ್ರಶ್ನೆ ಎಂಟು ವರ್ಷದವರಿಗಾಗುತ್ತದೆ. ಆದುದರಿಂದ ಪ್ರಶ್ನೆಗಳನ್ನು ಬದಲಿಸಿ, ನೂರಾರು ಮಕ್ಕಳಿಗೆ ಒಬ್ಬೊಬ್ಬರಿಗಾಗಿ ಕೇಳಿ, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಉತ್ತರಿಸುತ್ತಾರೆಂದು ಎಣಿಸಿ, ಹೊಸದಾಗಿ ಮಟ್ಟವನ್ನು ಗೊತ್ತುಮಾಡಬೇಕು. ಭಾರತೀಯ ಮಕ್ಕಳಿಗೆ ಪಾಶ್ಚಾತ್ಯ ಪರೀಕ್ಷೆಗಳನ್ನು ಅಳವಡಿಸಿದ ಮೊದಲಿಗರ ಸಾಲಿನಲ್ಲಿ ಈ ಶಾಸ್ತ್ರದ ಚರಿತ್ರಕಾರರು ಗೋಪಾಲಸ್ವಾಮಿಯವರನ್ನು ಎಣಿಸುತ್ತಾರೆ. ಅದೇ ಕಾಲಕ್ಕೆ ಉತ್ತರದಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ, ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸುತ್ತಿದ್ದರು. ಅದರ ಫಲವಾದ ಅವರ ಗ್ರಂಥ 1940ರಲ್ಲಿ ಹೊರಬಂದಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಎರಡು ತುದಿಗಳಲ್ಲಿ ಕನ್ನಡದ ಕೂಸುಗಳ ಬುದ್ಧಿಯನ್ನು ಕುರಿತು ಒಂದೇ ಬಗೆಯ ಆಲೋಚನೆ ನಡೆದಿತ್ತೆಂಬುದು ಸಂತೋಷದ ಸಂಗತಿ.

ಪ್ರಾಣಿಗಳ ಕಲಿಕೆಯನ್ನು ಪರೀಕ್ಷಿಸುವ ಪ್ರಯೋಗಶಾಲೆಯೊಂದನ್ನೂ ಗೋಪಾಲಸ್ವಾಮಿಯವರು ವಿಭಾಗಕ್ಕೆ ಸೇರಿಸಿದರು. ಅದು ಭಾರತದ ಮೊದಲ ಕೆಲವುಗಳಲ್ಲಿ ಒಂದು. ಮುಂದೆ ಅವರು ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಇಷ್ಟೆಲ್ಲವನ್ನು ಹೇಳುವಾಗ ಒಂದು ನಷ್ಟವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಚರಿತ್ರೆ ಸ್ತುತಿಪಾಠವಾದೀತು. ಲಂಡನ್ನಿನಲ್ಲಿ ಅಂಗಚಲನೆಯ ಕಲಿಕೆಯನ್ನು ಕುರಿತು ಸೂಕ್ಷ್ಮವಾದ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದ ತರುಣ ಸಂಶೋಧಕರು, ಮೈಸೂರಿಗೆ ಬಂದ ಬಳಿಕ ಆ ಪ್ರಶ್ನೆಯನ್ನೇ ಹಿಡಿದು ಕೊನೆಯವರೆಗೆ ಹೋಗಲಿಲ್ಲ. ಅವರ ಹೆಸರನ್ನು ಹೊರನಾಡಿನ ವಿದ್ವಾಂಸರು ಉಲ್ಲೇಖಿಸುವಾಗ ಹೆಚ್ಚಾಗಿ ಕಾಣುವುದು ಯೌವನದ ಆ ಪ್ರಯೋಗಗಳೇ. ವಿಶೇಷ ಪರಿಣತಿ ಎಂಬುದು ಆಳಕ್ಕೆ ತೋಡುವ ಬಾವಿಯಂತೆ. ಒಂದೇ ಕಡೆ ನಿಂತು ತೋಡಬೇಕು. ಏಕಾಂಗಿಯಾಗಿ ವಿಭಾಗವನ್ನು ನಡೆಸುವವರಿಗೆ ಆ ಅವಕಾಶವೆಲ್ಲಿ? ಒಂದು ದಿನ ಸ್ಮೃತಿಯ ಪಾಠ, ಮರುದಿನ ಭಾವನೆಗಳ ಪಾಠ, ಅದರ ಮರುದಿನ ಪರೀಕ್ಷೆ ನಡೆಸುವ ಕೆಲಸ, ನಡುವೆ ಆಡಳಿತ. ಅವರೊಬ್ಬರ ಕಥೆಯಲ್ಲ ಇದು. ಆ ತಲೆಮಾರಿನ ಭಾರತೀಯ ಮನಶ್ಶಾಸ್ತ್ರಜ್ಞರು ಪಾಶ್ಚಾತ್ಯ ಪ್ರಯೋಗಗಳನ್ನೇ ಇಲ್ಲಿ ಮತ್ತೆ ಮಾಡಿ ನೋಡಿದರು, ತಮ್ಮದೇ ಆದ ಸಿದ್ಧಾಂತವನ್ನು ಕಟ್ಟಲಿಲ್ಲ ಎಂಬ ಆಕ್ಷೇಪವನ್ನು ಮುಂದಿನ ಪೀಳಿಗೆಯ ಮನಶ್ಶಾಸ್ತ್ರಜ್ಞರೇ ಎತ್ತಿದ್ದಾರೆ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಬಾವಿ ತೋಡುವವರಿಗೆ ಮೊದಲು ಹಾರೆ ಗುದ್ದಲಿಗಳನ್ನು ಒದಗಿಸುವವರು ಯಾರಾದರೂ ಬೇಕಲ್ಲ! ತಾನು ವಿಶೇಷಜ್ಞನಾಗಿ ಉಳಿಯುವುದನ್ನು ಬಿಟ್ಟು ಇತರರು ವಿಶೇಷಜ್ಞರಾಗುವ ಸ್ಥಳವನ್ನು ಸಿದ್ಧಪಡಿಸಿದುದು ಗೋಪಾಲಸ್ವಾಮಿಯವರ ಬಾಳಿನ ಆಯ್ಕೆಯಾಯಿತು. ಅದು ಅವರು ಬಯಸಿ ಮಾಡಿದುದೋ, ಸನ್ನಿವೇಶವು ಹೊರಿಸಿದುದೋ, ಬೆಲೆ ತೆತ್ತವರಂತೂ ಅವರೇ.

ಬಾನುಲಿಯ ಸಾಹಸವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. 1935ರ ಸೆಪ್ಟೆಂಬರ್ 10ರಂದು ವಿಠ್ಠಲ ವಿಹಾರವೆಂಬ ಅವರ ಮನೆಯಿಂದ ಮೊದಲ ಪ್ರಸಾರವಾಯಿತು. ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್. ಮನೆಯ ಒಂದು ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಆಗ ಭಾರತ ಸರ್ಕಾರದ ಬಾನುಲಿ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರೂ ಬಂದಿರಲಿಲ್ಲ; ಅದು ಬಂದುದು 1936ರಲ್ಲಿ. ಬಳಿಕ 250 ವಾಟ್ ಶಕ್ತಿಯ ಯಂತ್ರವನ್ನು ತರಿಸಿದರು. ಸ್ವಂತ ಹಣ, ಪುರಸಭೆಯ ನೆರವು, ಊರಿನವರ ಕೊಡುಗೆ ಇವುಗಳಿಂದಲೇ ವರ್ಷಗಳ ಕಾಲ ಕೇಂದ್ರವು ನಡೆಯಿತು. ಇತಿಹಾಸದ ಅಧ್ಯಾಪಕರೂ ಹಾಸ್ಯ ಲೇಖಕರೂ ಆಗಿದ್ದ ನಾ. ಕಸ್ತೂರಿಯವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು. ಆಕಾಶವಾಣಿ ಎಂಬ ಸುಂದರವಾದ ಹೆಸರಿಗೆ ಕಸ್ತೂರಿಯವರೇ ಕಾರಣರೆಂದು ಹೇಳುವುದುಂಟು. ಇಸವಿ 1940 ಕಳೆದು ಸ್ವಲ್ಪ ಕಾಲದಲ್ಲಿಯೇ ಕೇಂದ್ರವನ್ನು ಮೈಸೂರು ಸಂಸ್ಥಾನದ ಸರ್ಕಾರವು ವಹಿಸಿಕೊಂಡಿತು. 1955ರಲ್ಲಿ ಪ್ರಸಾರ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅದೇ ದಶಕದಲ್ಲಿ ದೇಶದ ಬಾನುಲಿ ಸಂಸ್ಥೆಯೇ ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು.

ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗೆ ಈ ಯಂತ್ರದ ಗೊಡವೆಯೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಶಾಲೆಯ ಮೆಟ್ಟಿಲನ್ನು ಹತ್ತದ ಜನರೇ ಹೆಚ್ಚಾಗಿದ್ದ ಕಾಲದಲ್ಲಿ, ಕಿವಿಯ ಮೂಲಕ ಕಲಿಯುವ ದಾರಿಯೊಂದು ತೆರೆದಂತಾಯಿತು. ಕಲಿಕೆಯನ್ನೇ ಅಧ್ಯಯನ ಮಾಡಿದವರಿಗೆ ಅದು ಹೊರಗಿನ ವಿಷಯವಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅವರು ನೆಟ್ಟ ವಿದ್ಯೆ ಕವಲೊಡೆದ ಬಗೆಯನ್ನು ಗಮನಿಸಿದರೆ ವಿಭಾಗದ ಬೆಲೆ ತಿಳಿಯುತ್ತದೆ. ಅದೇ ಮೈಸೂರಿನ ವಿಭಾಗದಲ್ಲಿ ಮುಂದೆ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ಸಾಮಾಜಿಕ ಮನಶ್ಶಾಸ್ತ್ರದ ಕಡೆಗೆ ತಿರುಗಿದರು. ಕುಟುಂಬದ ಯಜಮಾನನ ವಿದ್ಯೆ, ಉದ್ಯೋಗ ಮತ್ತು ಕುಟುಂಬದ ವರಮಾನ ಈ ಮೂರನ್ನು ಕೂಡಿಸಿ ಒಂದು ಮನೆತನದ ಸಾಮಾಜಿಕ ಸ್ಥಿತಿಯನ್ನು ಅಳೆಯುವ ಅವರ ಮಾನಕವನ್ನು ಭಾರತದ ವೈದ್ಯಕೀಯ ಕಾಲೇಜುಗಳ ಸಂಶೋಧಕರು ಇಂದಿಗೂ ಬಳಸುತ್ತಾರೆ. ವರಮಾನದ ಅಂಕಿಗಳನ್ನು ಮಾತ್ರ ಬೆಲೆಗಳು ಏರಿದಂತೆಲ್ಲ ತಿದ್ದಿಕೊಳ್ಳುತ್ತಾರೆ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ಎಸ್. ಕೆ. ರಾಮಚಂದ್ರರಾಯರು ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರವನ್ನು ಬೋಧಿಸಿದರು. ಅಳತೆಯ ಶಾಸ್ತ್ರವನ್ನೂ ಭಾರತೀಯ ದರ್ಶನಗಳನ್ನೂ ಒಟ್ಟಿಗೆ ಬಲ್ಲವರಾಗಿದ್ದ ಅವರನ್ನು ನಾಡು ಬೌದ್ಧ ದರ್ಶನ, ಆಗಮ, ಶಿಲ್ಪಗಳ ವಿದ್ವಾಂಸರೆಂದೂ ಅರಿಯುತ್ತದೆ.

ಆ ಸಂಸ್ಥೆಯ ಪ್ರಸ್ತಾಪ ಬಂದುದರಿಂದ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಲೇಸು. ಅದನ್ನು ಕಟ್ಟಿದ ಮನೋವೈದ್ಯರು ಡಾ. ಎಂ. ವಿ. ಗೋವಿಂದಸ್ವಾಮಿ, ಮೈಸೂರಿನ ಪ್ರಾಧ್ಯಾಪಕರು ಡಾ. ಎಂ. ವಿ. ಗೋಪಾಲಸ್ವಾಮಿ. ಮೊದಲಕ್ಷರಗಳು ಒಂದೇ ಆಗಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಆರೋಪಿಸುವುದು ಕಂಡುಬರುತ್ತದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ 1954ರಲ್ಲಿ ಆ ಸಂಸ್ಥೆಯು ಆರಂಭವಾದಾಗ, ವೈದ್ಯರಲ್ಲದ ಮನಶ್ಶಾಸ್ತ್ರದ ಪದವೀಧರರಿಗೂ ಅಲ್ಲಿ ಶಿಕ್ಷಣದ ಬಾಗಿಲು ತೆರೆಯಿತು. 1955ರಿಂದ ನಡೆದ ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರದ ಡಿಪ್ಲೊಮಾ ತರಗತಿಯು ಭಾರತದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಕ್ರಮಬದ್ಧವಾಗಿ ತಯಾರುಮಾಡಿದ ಮೊದಲ ಶಿಕ್ಷಣಕ್ರಮ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಇಂದು ಮನೆಯಲ್ಲೊಬ್ಬರಿಗೆ ಚಿತ್ತ ಕದಡಿದರೆ ಬೆಂಗಳೂರಿನ ಉತ್ತರದ ತುದಿಯಿಂದಲೂ ಜನರು ಹೊಸೂರು ರಸ್ತೆಯ ಆ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ರೋಗಿಯ ಸ್ಮೃತಿಯನ್ನೂ ಗಮನವನ್ನೂ ಬುದ್ಧಿಯನ್ನೂ ಪರೀಕ್ಷಿಸಿ ವೈದ್ಯರಿಗೆ ವರದಿ ಕೊಡುವ ಮನಶ್ಶಾಸ್ತ್ರಜ್ಞರ ವಿದ್ಯೆಯಲ್ಲಿ, ಅಳೆದು ಹೇಳಬೇಕೆಂಬ ಆ ಹಳೆಯ ಶಿಸ್ತೇ ಇದೆ.

ಗೋಪಾಲಸ್ವಾಮಿಯವರು 1957ರಲ್ಲಿ ದಿವಂಗತರಾದರು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳಿಗಾಗಿ ಮಾನಸಗಂಗೋತ್ರಿಯು ತಲೆಯೆತ್ತಿದುದು 1960ರಲ್ಲಿ; ಅವರು ಕಟ್ಟಿದ ವಿಭಾಗ ಅಲ್ಲಿಗೆ ಹೋದುದನ್ನು ಅವರು ಕಾಣಲಿಲ್ಲ. ಕುವೆಂಪು ಅವರು ಆ ಆವರಣಕ್ಕಿಟ್ಟ ಹೆಸರಿನಲ್ಲಿ ಮಾನಸವೆಂಬ ಪದವಿರುವುದು ಕೇವಲ ಕಾಕತಾಳೀಯವಾದರೂ, ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಅದು ತಮ್ಮದೇ ಹೆಸರೆನಿಸಿದರೆ ತಪ್ಪಿಲ್ಲ.

ಕನ್ನಡಿಯ ಆ ಪ್ರಯೋಗವು ಮಾತ್ರ ಇನ್ನೂ ನಡೆಯುತ್ತಲೇ ಇದೆ. ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದುವ ಪದವಿ ತರಗತಿಗಳ ಪ್ರಾಯೋಗಿಕ ಪಾಠಗಳಲ್ಲಿ ಅದಕ್ಕೆ ಸ್ಥಾನವುಂಟು; ಒಂದು ಕೈ ಕಲಿತದ್ದು ಮತ್ತೊಂದು ಕೈಗೆ ಎಷ್ಟರಮಟ್ಟಿಗೆ ಸಾಗುತ್ತದೆಂಬುದನ್ನು ತೋರಿಸಲು ಅದನ್ನು ಮಾಡಿಸುತ್ತಾರೆ. ಮೊದಲು ಎಡಗೈಯಿಂದ ಒಂದು ಸುತ್ತು, ಅನಂತರ ಬಲಗೈಗೆ ಹಲವು ಬಾರಿ ಅಭ್ಯಾಸ, ಮತ್ತೆ ಎಡಗೈಯಿಂದ ಒಂದು ಸುತ್ತು. ಅಭ್ಯಾಸವನ್ನೇ ಮಾಡದ ಎಡಗೈಯೂ ಈ ಬಾರಿ ಬೇಗ ನಡೆಯುವುದನ್ನು ಕಂಡು ವಿದ್ಯಾರ್ಥಿಗಳು ಅಚ್ಚರಿಪಡುತ್ತಾರೆ. ಸಹಪಾಠಿಯೊಬ್ಬನು ಗಡಿಯಾರ ಹಿಡಿದು ಕಾಲವನ್ನು ಬರೆದುಕೊಳ್ಳುತ್ತಾನೆ, ಮತ್ತೊಬ್ಬನು ಗೆರೆ ದಾಟಿದ ತಪ್ಪುಗಳನ್ನು ಎಣಿಸುತ್ತಾನೆ.